ಮೈಕ್ರೋಸಾಫ್ಟ್ ಎಂಟ್ರಾದಿಂದ ಯೂಸರ್‌ಗಳ ಪೂರ್ತಿ ಪಟ್ಟಿ ತೆಗೆಯುವುದು ಹೇಗೆ: ಪವರ್‌ಶೆಲ್ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಪಟ್ಟಿ ತೆಗೆದಾಗ ನನಗೆ ಸಿಕ್ಕಿದ್ದು ಸರಿಯಾಗಿ ನೂರು ಜನ. ಶಿರಸಿ ಕಡೆಯ ಒಂದು ಸಹಕಾರಿ ಸಂಘದ ಕೆಲಸ ಅದು. "ನಿಮ್ಮಲ್ಲಿ 100 ಯೂಸರ್ ಇದ್ದಾರೆ" ಅಂತ ಮ್ಯಾನೇಜರ್‌ಗೆ ಹೇಳಿಯೂ ಬಿಟ್ಟೆ. ಅವರು ಬಾಯಲ್ಲಿದ್ದ ಕವಳ ಒಂದು ಕಡೆಗೆ ಸರಿಸಿಕೊಂಡು ಕೇಳಿದರು: "ಸಂಬಳ ಕೊಡೋದೇ ಅದಕ್ಕಿಂತ ಜಾಸ್ತಿ ಜನಕ್ಕೆ ಮಾರಾಯ. ಉಳಿದವರು ಎಲ್ಲಿ ಹೋದ್ರು?"

ಉಳಿದವರು ಎಲ್ಲೂ ಹೋಗಿರಲಿಲ್ಲ. ಪವರ್‌ಶೆಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಮೈಕ್ರೋಸಾಫ್ಟ್ ಟೂಲಿನಲ್ಲಿ, ನಾನು ಓಡಿಸಿದ ಕಮಾಂಡ್ ಮೊದಲ ನೂರು ಹೆಸರು ಕೊಟ್ಟು ಸುಮ್ಮನಾಗಿತ್ತು. ಇನ್ನೂ ಇದ್ದಾರೆ ಎಂದು ಬಾಯಿ ಬಿಟ್ಟಿರಲಿಲ್ಲ. ಈ ಟೂಲಿನ ಸ್ವಭಾವವೇ ಹಾಗೆ. ಕೇಳಿದಷ್ಟಕ್ಕೆ ಉತ್ತರ ಕೊಡುತ್ತದೆ, ಕೇಳದ್ದನ್ನು ಖಾಲಿ ಬಿಡುತ್ತದೆ. ಆ ಖಾಲಿ ಜಾಗವನ್ನು ನಾವು ಉತ್ತರ ಅಂದುಕೊಂಡು ಮೋಸ ಹೋಗುತ್ತೇವೆ. ಹಾಗಾಗಿ ಕಮಾಂಡ್ ಹೇಳಿಕೊಡುವುದರ ಜೊತೆಗೆ, ಅದು ಎಲ್ಲೆಲ್ಲಿ ಸುಮ್ಮನಾಗುತ್ತದೆ ಎನ್ನುವುದನ್ನೂ ಇಲ್ಲಿ ಬರೆದಿದ್ದೇನೆ.

ಕಾರವಾರ, ಕುಮಟಾ, ಶಿರಸಿ ಕಡೆಯ ಸಣ್ಣ ಸಂಘ, ಕಾಲೇಜು, ಆಸ್ಪತ್ರೆಗಳಲ್ಲಿ "ಕಂಪ್ಯೂಟರ್ ನೋಡಿಕೊಳ್ಳುವವನು" ಅಂತ ಒಬ್ಬನೇ ಇರುತ್ತಾನಲ್ಲ, ಇದು ಅವನಿಗಾಗಿ.

ಶುರು ಮಾಡುವ ಮೊದಲು

ಆಫೀಸಿನ ಇಮೇಲ್ ಮೈಕ್ರೋಸಾಫ್ಟ್ 365ರಲ್ಲಿ ಇದ್ದರೆ, ನಿಮ್ಮ ಯೂಸರ್‌ಗಳೆಲ್ಲ ಇರುವ ಡೈರೆಕ್ಟರಿಯ ಹೆಸರು ಮೈಕ್ರೋಸಾಫ್ಟ್ ಎಂಟ್ರಾ ಐಡಿ. 2023ರವರೆಗೆ ಇದನ್ನು ಅಝೂರ್ ಆ್ಯಕ್ಟಿವ್ ಡೈರೆಕ್ಟರಿ ಎನ್ನುತ್ತಿದ್ದರು. ಹೆಸರು ಬದಲಾಯಿತು, ಒಳಗಿನ ವ್ಯವಸ್ಥೆ ಅದೇ. ನಿಮ್ಮ ಸಂಸ್ಥೆಯ ಪಾಲಿನ ಡೈರೆಕ್ಟರಿಗೆ ಟೆನೆಂಟ್ ಎನ್ನುತ್ತಾರೆ. ನಮ್ಮ ಕಡೆ ಆ ಪದ ಕೇಳಿದರೆ ಗೇಣಿದಾರರ ನೆನಪಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಯೂಟ್ಯೂಬಿನ ಹಳೆಯ ಪಾಠಗಳಲ್ಲಿ ಅಝೂರ್‌ಎಡಿ, ಎಂಎಸ್‌ಆನ್‌ಲೈನ್ ಎಂಬ ಮಾಡ್ಯೂಲ್‌ಗಳು, ಅಂದರೆ ಪವರ್‌ಶೆಲ್‌ಗೆ ಹೊಸ ಕಮಾಂಡು ಸೇರಿಸುವ ತುಣುಕುಗಳು, ಬರುತ್ತವೆ. ಅವಕ್ಕೆ ಮೈಕ್ರೋಸಾಫ್ಟ್ 2024ರ ಮಾರ್ಚ್ 30ಕ್ಕೇ ಬೀಳ್ಕೊಡುಗೆ ಹೇಳಿದೆ. ಅವನ್ನು ಕಲಿಯುತ್ತ ಕೂರಬೇಡಿ. ಈಗ ಬೇಕಾದದ್ದು ಮೈಕ್ರೋಸಾಫ್ಟ್ ಗ್ರಾಫ್ ಪವರ್‌ಶೆಲ್, ಅಂದರೆ ಗ್ರಾಫ್ ಎಂಬ ಮೈಕ್ರೋಸಾಫ್ಟ್ ಸರ್ವರಿನಿಂದ ಮಾಹಿತಿ ತರುವ ಮಾಡ್ಯೂಲ್‌ಗಳು.

ಇನ್ನೊಂದು ಮಾತು. ಕಮಾಂಡುಗಳನ್ನು ನಾನು ಕನ್ನಡ ಅಕ್ಷರದಲ್ಲೇ, ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. "ಎಂಜಿ" ಅಂದರೆ ಎಂ ಮತ್ತು ಜಿ, ಎರಡೇ ಅಕ್ಷರ. ಕಮಾಂಡಿನ ಮೊದಲರ್ಧ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಪವರ್‌ಶೆಲ್ಲೇ ತುಂಬಿಕೊಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರದ ಚಿಂತೆ ಇಲ್ಲ. ಕಾಲಮ್‌ಗಳ ಹೆಸರಿಗೆ ಮಾತ್ರ ಟ್ಯಾಬ್ ಸಹಾಯಕ್ಕೆ ಬರುವುದಿಲ್ಲ, ಅವನ್ನು ಪೂರ್ತಿ ಹೊಡೆಯಬೇಕು. ನಾನು ಕೂಡಿಸಿ ಬರೆದ ಕಡೆ ನಡುವೆ ಜಾಗ ಬಿಡಬೇಡಿ.

ಸುಲಭದ ದಾರಿ ಒಂದಿದೆ

ಎಂಟ್ರಾ ಅಡ್ಮಿನ್ ಸೆಂಟರ್‌ಗೆ ಲಾಗಿನ್ ಆಗಿ, ಯೂಸರ್ಸ್ ಒಳಗೆ ಆಲ್ ಯೂಸರ್ಸ್ ತೆರೆದು, ಡೌನ್‌ಲೋಡ್ ಯೂಸರ್ಸ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಸಿಗುತ್ತದೆ. ವರ್ಷಕ್ಕೊಮ್ಮೆ ತಲೆ ಎಣಿಸಲು ಇಷ್ಟು ಸಾಕು. ಆದರೆ ನಮಗೆ ಬೇಕಾದ ಕಾಲಮ್ ಮಾತ್ರ, ನಮಗೆ ಬೇಕಾದ ಷರತ್ತಿನಲ್ಲಿ, ತಿಂಗಳು ತಿಂಗಳೂ ಒಂದೇ ರೀತಿ ಬೇಕು ಅಂದರೆ ಮುಂದೆ ಓದಿ.

ಹಂತ 1: ಇನ್‌ಸ್ಟಾಲ್

ಪವರ್‌ಶೆಲ್ 7 ಹಾಕಿಕೊಳ್ಳಿ. ವಿಂಡೋಸ್ ಜೊತೆ ಬರುವ ಹಳೆಯ 5.1 ಕೂಡ ನಡೆಯುತ್ತದೆ, ಆದರೆ ಮುಂದೆ ಫೈಲ್ ಉಳಿಸುವಾಗ ಒಂದು ವ್ಯತ್ಯಾಸ ಬರುತ್ತದೆ. ಪವರ್‌ಶೆಲ್ ತೆರೆದು:

ಇನ್‌ಸ್ಟಾಲ್-ಮಾಡ್ಯೂಲ್ ಮೈಕ್ರೋಸಾಫ್ಟ್.ಗ್ರಾಫ್.ಯೂಸರ್ಸ್ -ಸ್ಕೋಪ್ ಕರೆಂಟ್‌ಯೂಸರ್

ತುಂಬ ಕಡೆ ಬರೀ "ಮೈಕ್ರೋಸಾಫ್ಟ್.ಗ್ರಾಫ್" ಹಾಕಲು ಹೇಳುತ್ತಾರೆ. ಹಾಗೆ ಮಾಡಿದರೆ ಹತ್ತಾರು ಮಾಡ್ಯೂಲ್ ಒಟ್ಟಿಗೆ ಇಳಿಯುತ್ತವೆ. ಆಷಾಢದ ಮಳೆಯಲ್ಲಿ, ಕರೆಂಟ್ ಹೋಗಿ ಬಂದು ಮಾಡುವಾಗ ಅದನ್ನು ಇಳಿಸಲು ಕೂತರೆ ಮಧ್ಯಾಹ್ನ ಕಳೆಯುತ್ತದೆ. ಯೂಸರ್ಸ್ ಒಂದೇ ಸಾಕು. ಲಾಗಿನ್‌ಗೆ ಬೇಕಾದ ಮಾಡ್ಯೂಲನ್ನು ಅದೇ ಜೊತೆಗೆ ಕರೆದುಕೊಂಡು ಬರುತ್ತದೆ. ನಡುವೆ "ಈ ಜಾಗವನ್ನು ನಂಬಬಹುದೇ" ಎಂಬಂತೆ ಕೇಳಿದರೆ ವೈ ಒತ್ತಿ. ಕೊನೆಯ "ಕರೆಂಟ್‌ಯೂಸರ್" ಇದ್ದರೆ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ.

ಹಂತ 2: ಲಾಗಿನ್, ಮತ್ತೆ ಯಾರ ಮನೆಯಲ್ಲಿದ್ದೇವೆ ಎಂದು ನೋಡುವುದು

ಕನೆಕ್ಟ್-ಎಂಜಿಗ್ರಾಫ್ -ಸ್ಕೋಪ್ಸ್ 'ಯೂಸರ್.ರೀಡ್.ಆಲ್','ಆಡಿಟ್‌ಲಾಗ್.ರೀಡ್.ಆಲ್'

ಲಾಗಿನ್ ವಿಂಡೋ ತೆರೆಯುತ್ತದೆ. ಮೊದಲನೆಯ ಅನುಮತಿ ಯೂಸರ್‌ಗಳನ್ನು ಓದಲು. ಎರಡನೆಯದು ಯಾರು ಯಾವಾಗ ಲಾಗಿನ್ ಆದರು ಎಂದು ನೋಡಲು. ಎರಡೂ ಓದುವ ಅನುಮತಿ ಮಾತ್ರ, ತಿದ್ದುವುದು ಇದರಿಂದ ಆಗುವುದಿಲ್ಲ. ಅದೇ ನಮಗೆ ಬೇಕಾದದ್ದು. ಪಟ್ಟಿ ತೆಗೆಯಲು ಹೋಗಿ ಯಾರದ್ದೋ ಅಕೌಂಟ್ ಅಳಿಸಿದೆ ಎಂಬ ಭಯ ಇರುವುದಿಲ್ಲ.

ಮೊದಲ ಸಲ ಈ ಅನುಮತಿಗೆ ಗ್ಲೋಬಲ್ ಅಡ್ಮಿನ್ (ಎಲ್ಲ ಅಧಿಕಾರ ಇರುವವರು) ಅಥವಾ ಒಪ್ಪಿಗೆ ಕೊಡುವ ಅಧಿಕಾರ ಇರುವ ಬೇರೆ ಅಡ್ಮಿನ್ ಒಪ್ಪಿಗೆ ಬೇಕು. ಆ ಪರದೆಯಲ್ಲಿ "ಇಡೀ ಸಂಸ್ಥೆಯ ಪರವಾಗಿ ಒಪ್ಪಿಗೆ" ಎಂಬ ಅರ್ಥದ ಟಿಕ್ ಬಾಕ್ಸ್ ಇರುತ್ತದೆ. ಅಭ್ಯಾಸಬಲದಿಂದ ಒತ್ತಬೇಡಿ. ಒತ್ತಿದರೆ ಅನುಮತಿ ನಿಮ್ಮೊಬ್ಬರಿಗಲ್ಲ, ಸಂಸ್ಥೆಯ ಎಲ್ಲರ ಹೆಸರಿಗೂ ಸೇರುತ್ತದೆ. ಮುಂದೆ ದಿನನಿತ್ಯ ಪಟ್ಟಿ ನೋಡುವ ಅಕೌಂಟ್‌ಗೆ ಗ್ಲೋಬಲ್ ರೀಡರ್ (ಓದಬಹುದು, ತಿದ್ದಲಾಗದು) ಪಾತ್ರ ಸಾಕು, ಆದರೆ ಆ ಅಕೌಂಟಿನ ಹೆಸರಿಗೂ ಈ ಅನುಮತಿಗೆ ಅಡ್ಮಿನ್ ಒಪ್ಪಿಗೆ ಸಿಕ್ಕಿರಬೇಕು.

ಲಾಗಿನ್ ಆದ ಕೂಡಲೆ ಇದನ್ನು ಓಡಿಸಿ:

ಗೆಟ್-ಎಂಜಿಕಾಂಟೆಕ್ಸ್ಟ್

ಯಾವ ಅಕೌಂಟ್, ಯಾವ ಟೆನೆಂಟ್, ಯಾವ ಅನುಮತಿ ಎಂದು ತೋರಿಸುತ್ತದೆ. ಎರಡು ಮೂರು ಸಂಸ್ಥೆಗಳ ಕೆಲಸ ನೋಡುವವರು ಇದನ್ನು ಬಿಡಲೇಬಾರದು. ಲಾಗಿನ್ ನೆನಪು ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ನಿನ್ನೆ ಕುಮಟೆಯಲ್ಲಿ ಮಾಡಿದ ಲಾಗಿನ್ನಿಂದಲೇ ಇವತ್ತು ಶಿರಸಿಯ ಪಟ್ಟಿ ತೆಗೆಯಲು ಹೋಗಿ, ಕುಮಟೆಯ ಹೆಸರುಗಳನ್ನು ಶಿರಸಿಯವರ ಮುಂದೆ ತೆರೆದವನು ನಾನು. ಕೆಲಸ ಮುಗಿದ ಮೇಲೆ ಡಿಸ್‌ಕನೆಕ್ಟ್-ಎಂಜಿಗ್ರಾಫ್ ಹೊಡೆಯುವ ರೂಢಿ ಅಂದಿನಿಂದ ಬಂತು.

ಹಂತ 3: ಪೂರ್ತಿ ಪಟ್ಟಿ

ಬರೀ ಗೆಟ್-ಎಂಜಿಯೂಸರ್ ಹೊಡೆದರೆ ಬರುವುದು ನೂರೇ. ಕಾರಣ ಸರಳ. ಗ್ರಾಫ್ ಸರ್ವರ್ ಪಟ್ಟಿಯನ್ನು ಪುಟ ಪುಟವಾಗಿ ಕೊಡುತ್ತದೆ, ಒಂದು ಪುಟಕ್ಕೆ ಮಾಮೂಲಿಯಾಗಿ 100 ಯೂಸರ್. ಮುಂದಿನ ಪುಟದ ವಿಳಾಸವನ್ನು ಉತ್ತರದ ಜೊತೆಗೇ ಕಳಿಸುತ್ತದೆ, ಆದರೆ ನಾವು ಹೇಳದೆ ಟೂಲ್ ಪುಟ ತಿರುಗಿಸುವುದಿಲ್ಲ. ತಿರುಗಿಸು ಎಂದು ಹೇಳುವುದು ಹೀಗೆ:

$ಜನ = ಗೆಟ್-ಎಂಜಿಯೂಸರ್ -ಆಲ್

$ಜನ.ಕೌಂಟ್

ಮೊದಲ ಸಾಲು ಎಲ್ಲರನ್ನೂ ಒಂದು ವೇರಿಯಬಲ್‌ನಲ್ಲಿ, ಅಂದರೆ ಹೆಸರಿಟ್ಟ ಡಬ್ಬಿಯಲ್ಲಿ, ತುಂಬುತ್ತದೆ. ಎರಡನೆಯದು ಎಷ್ಟು ಜನ ಎಂದು ಹೇಳುತ್ತದೆ. ಆ ಸಂಘದಲ್ಲಿ ಇದನ್ನು ಓಡಿಸಿದಾಗ ಬಂದದ್ದು ಸಂಬಳದ ಪಟ್ಟಿಗಿಂತ ದೊಡ್ಡ ಸಂಖ್ಯೆ. ಈಗ ಮ್ಯಾನೇಜರ್ ಪ್ರಶ್ನೆ ತಿರುಗಿತು. "ಇಷ್ಟು ಜನ ಎಲ್ಲಿಂದ ಬಂದ್ರು?" ಅದಕ್ಕೆ ಮುಂದೆ ಬರೋಣ.

ಇಲ್ಲೊಂದು ಖುಷಿಯ ವಿಷಯ. $ಜನ ಎಂದು ಕನ್ನಡದಲ್ಲೇ ಬರೆದಿದ್ದು ಓದಲಿಕ್ಕೆ ಮಾತ್ರ ಅಲ್ಲ. ಪವರ್‌ಶೆಲ್ ವೇರಿಯಬಲ್ ಹೆಸರಿನಲ್ಲಿ ಯಾವ ಭಾಷೆಯ ಅಕ್ಷರವನ್ನೂ ಒಪ್ಪುತ್ತದೆ. ಆದರೆ ಕಾಗುಣಿತದ ಗುರುತು, ಒತ್ತು ಇವನ್ನು ಅಕ್ಷರ ಅಂತ ಎಣಿಸುವುದಿಲ್ಲ. "ಜನ", "ಪದ", "ಕಡತ" ಹಾಗೇ ನಡೆಯುತ್ತವೆ. "ಪಟ್ಟಿ" ಅನ್ನಬೇಕಿದ್ದರೆ ಡಾಲರ್ ಚಿಹ್ನೆಯ ನಂತರ ಹೂ ಬ್ರಾಕೆಟ್ ಒಳಗೆ ಇಡಬೇಕು. ನನ್ನ ಸ್ಕ್ರಿಪ್ಟುಗಳಲ್ಲಿ ಈಗ ಹೀಗೆ ಕಾಗುಣಿತ ಇಲ್ಲದ ಪದಗಳನ್ನೇ ಹುಡುಕಿ ಇಡುತ್ತೇನೆ.

ಹಂತ 4: ಬೇಕಾದ ಕಾಲಮ್ ಕೇಳಿ ಪಡೆಯುವುದು

ಮಾಮೂಲಿ ಪಟ್ಟಿಯಲ್ಲಿ ಹೆಸರು, ಇಮೇಲ್, ಹುದ್ದೆ, ಫೋನ್, ಐಡಿ ಇಂಥ ಕೆಲವೇ ಸಂಗತಿ ಬರುತ್ತವೆ. ಅಕೌಂಟ್ ಚಾಲ್ತಿಯಲ್ಲಿದೆಯೇ ಎಂಬುದು ಅದರಲ್ಲಿ ಇಲ್ಲ. ಆದರೂ ಆ ಕಾಲಮನ್ನು ತೋರಿಸು ಎಂದರೆ ಟೂಲ್ ತೋರಿಸುತ್ತದೆ, ಖಾಲಿಯಾಗಿ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ನನ್ನ ಫೈಲ್ ನೋಡಿದ ಒಬ್ಬರು "ಎಲ್ಲರ ಅಕೌಂಟೂ ಬಂದ್ ಆಗಿದೆಯಲ್ಲ" ಎಂದು ಗಾಬರಿಯಾಗಿ ಫೋನ್ ಮಾಡಿದ್ದರು.

ಸರಿಯಾದ ಕ್ರಮ ಇದು. ಮೊದಲು ಬೇಕಾದ ಕಾಲಮ್‌ಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ:

$ಪದ = 'ಐಡಿ','ಡಿಸ್‌ಪ್ಲೇನೇಮ್','ಯೂಸರ್‌ಪ್ರಿನ್ಸಿಪಲ್‌ನೇಮ್','ಅಕೌಂಟ್‌ಎನೇಬಲ್ಡ್','ಯೂಸರ್‌ಟೈಪ್','ಡಿಪಾರ್ಟ್‌ಮೆಂಟ್','ಕ್ರಿಯೇಟೆಡ್‌ಡೇಟ್‌ಟೈಮ್'

$ಜನ = ಗೆಟ್-ಎಂಜಿಯೂಸರ್ -ಆಲ್ -ಪ್ರಾಪರ್ಟಿ $ಪದ

$ಜನ | ಸೆಲೆಕ್ಟ್-ಆಬ್ಜೆಕ್ಟ್ $ಪದ

ಒಂದೇ $ಪದ ಎರಡು ಕಡೆ ಬಂದಿದೆ, ನೋಡಿ. -ಪ್ರಾಪರ್ಟಿ ಸರ್ವರಿನಿಂದ ತರಲು, ಸೆಲೆಕ್ಟ್ ಪರದೆಯಲ್ಲಿ ತೋರಿಸಲು. ಮೊದಲನೆಯ ಕಡೆ ಮರೆತರೆ ಮತ್ತೆ ಅದೇ ಖಾಲಿ ಕಾಲಮ್, ಎರಡನೆಯ ಕಡೆ ಮರೆತರೆ ಕಾಲಮ್ಮೇ ಕಾಣುವುದಿಲ್ಲ.

ಐಡಿಯನ್ನು ಮೊದಲ ಕಾಲಮ್ ಮಾಡಿದ್ದಕ್ಕೆ ನಮ್ಮ ಜಿಲ್ಲೆಯೇ ಕಾರಣ. ಶಿರಸಿ, ಸಿದ್ದಾಪುರದ ಯಾವ ಸಂಸ್ಥೆಯ ಪಟ್ಟಿ ತೆಗೆದರೂ ಹೆಗಡೆ, ಭಟ್ಟರು ಸಾಲಾಗಿ ನಿಂತಿರುತ್ತಾರೆ. ಅದರಲ್ಲೂ ಹೆಸರೂ ಅಡ್ಡಹೆಸರೂ ಒಂದೇ ಇರುವವರು ಮೂರು ನಾಲ್ಕು ಜನ. ಅಂಕೋಲೆ ಕಡೆ ನಾಯಕರು ಬೇರೆ, ನಾಯ್ಕರು ಬೇರೆ, ಆದರೆ ಇಂಗ್ಲಿಷಿನಲ್ಲಿ ಟೈಪ್ ಮಾಡುವವರ ಕೈಯಲ್ಲಿ ಇಬ್ಬರೂ ಕಲಸಿಹೋಗುತ್ತಾರೆ. ಎದುರಿಗೆ ಸಿಕ್ಕರೆ "ಯಾವೂರ ಹೆಗಡೇರು?" ಎಂದು ಕೇಳಿ ಬಗೆಹರಿಸಿಕೊಳ್ಳುತ್ತೇವೆ. ಡೈರೆಕ್ಟರಿಗೆ ಊರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಐಡಿ, ಅಂದರೆ ಐದು ತುಂಡುಗಳಲ್ಲಿ ಬರುವ 32 ಅಂಕಿ-ಅಕ್ಷರಗಳ ಉದ್ದನೆಯ ಸಾಲು. ಇಮೇಲ್ ವಿಳಾಸ ಬದಲಾಗಬಹುದು, ಮದುವೆಯಾಗಿ ಹೆಸರು ಬದಲಾಗಬಹುದು, ಐಡಿ ಬದಲಾಗುವುದಿಲ್ಲ. ಯಾರ ಅಕೌಂಟ್ ಬಂದ್ ಮಾಡಬೇಕು ಎಂದು ಮ್ಯಾನೇಜರ್ ಹತ್ತಿರ ಒಪ್ಪಿಗೆ ಪಡೆಯುವಾಗ ಹೆಸರಿನ ಪಕ್ಕ ಐಡಿ, ಇಮೇಲ್ ಎರಡೂ ಇರಲಿ.

ಹೆಸರಿನಲ್ಲಿ ಹುಡುಕಲೇಬೇಕಾದರೆ ಅಡ್ಡಹೆಸರು ಕೊನೆಯಲ್ಲಿರುತ್ತದೆ ಎಂಬುದು ನೆನಪಿರಲಿ. ಸ್ಟಾರ್ಟ್ಸ್‌ವಿತ್ ಫಿಲ್ಟರ್ ಹೆಸರಿನ ಮೊದಲ ಅಕ್ಷರಗಳನ್ನು ಮಾತ್ರ ನೋಡುತ್ತದೆ. ನಡುವೆ ಎಲ್ಲಿದ್ದರೂ ಸಿಗಬೇಕು ಅಂದರೆ ಸರ್ಚ್:

ಗೆಟ್-ಎಂಜಿಯೂಸರ್ -ಆಲ್ -ಸರ್ಚ್ '"ಡಿಸ್‌ಪ್ಲೇನೇಮ್:ಹೆಗಡೆ"' -ಕನ್ಸಿಸ್ಟೆನ್ಸಿಲೆವೆಲ್ ಇವೆಂಚುಯಲ್

ಒಂಟಿ ಕೋಟ್ ಒಳಗೆ ಜೋಡಿ ಕೋಟ್ ಬೇಕೇ ಬೇಕು. ಕೊನೆಯ ಭಾಗ ಇಲ್ಲದಿದ್ದರೆ ಸರ್ಚ್ ನಡೆಯುವುದಿಲ್ಲ. ಹೆಗಡೆ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಬರೆಯುತ್ತಾರಲ್ಲ, ಆದ್ದರಿಂದ ಎರಡು ಸಲ ಹುಡುಕಿ.

ಹಂತ 5: ಹೆಚ್ಚಾಗಿ ಬಂದವರು ಯಾರು

ಸಂಬಳದ ಪಟ್ಟಿಗಿಂತ ಅಕೌಂಟ್ ಜಾಸ್ತಿ ಇದ್ದರೆ ತಕ್ಷಣ ಕಳ್ಳರು ಬಂದರು ಅಂದುಕೊಳ್ಳಬೇಡಿ. ಮೊದಲು ಅತಿಥಿಗಳನ್ನು ಬೇರೆ ಮಾಡಿ (ಈಕ್ಯೂ ಅಂದರೆ ಇ ಮತ್ತು ಕ್ಯೂ, ಎರಡೇ ಅಕ್ಷರ, "ಸಮ" ಎಂದರ್ಥ):

ಗೆಟ್-ಎಂಜಿಯೂಸರ್ -ಆಲ್ -ಫಿಲ್ಟರ್ "ಯೂಸರ್‌ಟೈಪ್ ಈಕ್ಯೂ 'ಗೆಸ್ಟ್'"

ಆಡಿಟರ್ ಜೊತೆ ಒಂದು ಫೈಲ್ ಹಂಚಿಕೊಂಡಿದ್ದರೂ ಅವರು ಗೆಸ್ಟ್ ಆಗಿ ಇಲ್ಲಿ ಕೂತಿರಬಹುದು. ಅವರ ಯೂಸರ್ ಹೆಸರಿನ ನಡುವೆ #ಇಎಕ್ಸ್‌ಟಿ# ಎಂಬ ಗುರುತು ಇರುತ್ತದೆ. ಆಮೇಲೆ "ಮಾಹಿತಿ", "ಕಚೇರಿ" ಅಂತ ಮಾಡಿಕೊಂಡ ಶೇರ್ಡ್ ಮೇಲ್‌ಬಾಕ್ಸ್‌ಗಳು. ಪ್ರತಿ ಶೇರ್ಡ್ ಮೇಲ್‌ಬಾಕ್ಸ್‌ಗೂ ಹಿಂದೆ ಒಂದು ಯೂಸರ್ ಅಕೌಂಟ್ ಇರುತ್ತದೆ. ಮೀಟಿಂಗ್ ರೂಮಿಗೂ ಅಷ್ಟೆ. ಇವುಗಳ ಲಾಗಿನ್ ಬಂದ್ ಇರಬೇಕು. ಬಂದ್ ಇರುವ ಅಕೌಂಟ್‌ಗಳನ್ನು ನೋಡಲು:

ಗೆಟ್-ಎಂಜಿಯೂಸರ್ -ಆಲ್ -ಫಿಲ್ಟರ್ "ಅಕೌಂಟ್‌ಎನೇಬಲ್ಡ್ ಈಕ್ಯೂ ಫಾಲ್ಸ್"

ಇಷ್ಟು ಕಳೆದ ಮೇಲೂ ಉಳಿಯುವವರೇ ನಿಜವಾದ ತಲೆನೋವು. ಕೆಲಸ ಬಿಟ್ಟು ಹೋದವರು, ಬೇರೆ ಶಾಖೆಗೆ ವರ್ಗವಾದಾಗ ಎರಡನೇ ಅಕೌಂಟ್ ಪಡೆದವರು, ನಿವೃತ್ತರು.

ಹಂತ 6: ಯಾರು ಎಷ್ಟು ದಿನದಿಂದ ಬಂದಿಲ್ಲ

ಇದಕ್ಕೆ ಸೈನ್‌ಇನ್‌ಆ್ಯಕ್ಟಿವಿಟಿ ಎಂಬ ಪ್ರಾಪರ್ಟಿ ಬೇಕು, ಅದಕ್ಕೆ ಎಂಟ್ರಾ ಐಡಿ ಪಿ1 ಲೈಸೆನ್ಸ್ ಬೇಕು. ಬಿಸಿನೆಸ್ ಪ್ರೀಮಿಯಂ ಪ್ಲಾನ್‌ನಲ್ಲಿ ಪಿ1 ಸೇರಿದೆ. ಬೇಸಿಕ್, ಸ್ಟ್ಯಾಂಡರ್ಡ್ ಪ್ಲಾನ್‌ಗಳಲ್ಲಿ ಇಲ್ಲ. ಇಲ್ಲದೆ ಕೇಳಿದರೆ ಪ್ರೀಮಿಯಂ ಲೈಸೆನ್ಸ್ ಇಲ್ಲ ಎಂಬ ಎರರ್ ಬಂದು ಇಡೀ ಕಮಾಂಡ್ ನಿಲ್ಲುತ್ತದೆ. ಕೊನೆಗೂ ಒಂದು ಕಡೆ ಬಾಯಿಬಿಟ್ಟು ಹೇಳುತ್ತದೆ ನೋಡಿ.

$ಜನ = ಗೆಟ್-ಎಂಜಿಯೂಸರ್ -ಆಲ್ -ಪ್ರಾಪರ್ಟಿ ($ಪದ + 'ಸೈನ್‌ಇನ್‌ಆ್ಯಕ್ಟಿವಿಟಿ')

ಇದರೊಳಗೆ ಒಂದಕ್ಕಿಂತ ಹೆಚ್ಚು ದಿನಾಂಕ ಇವೆ. ಲಾಸ್ಟ್‌ಸೈನ್‌ಇನ್‌ಡೇಟ್‌ಟೈಮ್ ಎಂಬುದು ಕೊನೆಯ ಪ್ರಯತ್ನ. ಪಾಸ್‌ವರ್ಡ್ ತಪ್ಪಾಗಿ ಒಳಗೆ ಬರಲಾಗದಿದ್ದರೂ ಅದು ದಾಖಲಾಗುತ್ತದೆ. ಅಂದರೆ ಎಲ್ಲಿಂದಲೋ ಯಾರೋ ನಿಮ್ಮ ನಿವೃತ್ತ ಗುಮಾಸ್ತರ ಪಾಸ್‌ವರ್ಡ್ ಊಹಿಸುತ್ತಿದ್ದರೂ, ಪಟ್ಟಿಯಲ್ಲಿ ಗುಮಾಸ್ತರು ನಿನ್ನೆ ಬಂದಿದ್ದಾರೆ ಎಂದು ಕಾಣುತ್ತದೆ. ನಿಜವಾಗಿ ಒಳಗೆ ಬಂದ ದಿನ ಬೇಕಿದ್ದರೆ ಲಾಸ್ಟ್‌ಸಕ್ಸೆಸ್‌ಫುಲ್‌ಸೈನ್‌ಇನ್‌ಡೇಟ್‌ಟೈಮ್ ನೋಡಿ. ಇದರ ಲೆಕ್ಕ ಶುರುವಾದದ್ದು 2023ರ ಡಿಸೆಂಬರ್ 1ರಿಂದ, ಅದಕ್ಕೂ ಹಿಂದಿನದ್ದು ಸಿಗುವುದಿಲ್ಲ. ಸಮಯ ಯುಟಿಸಿಯಲ್ಲಿ ಇರುತ್ತದೆ, ನಮ್ಮ ಗಡಿಯಾರಕ್ಕೆ ಐದೂವರೆ ತಾಸು ಕೂಡಿಸಿ.

180 ದಿನದಿಂದ ಬಾರದವರನ್ನು ಹೆಕ್ಕಲು (ಎಲ್‌ಟಿ ಅಂದರೆ ಎಲ್ ಮತ್ತು ಟಿ, "ಅದಕ್ಕಿಂತ ಹಿಂದಿನದು" ಎಂದರ್ಥ):

$ಜನ | ವೇರ್-ಆಬ್ಜೆಕ್ಟ್ { $_.ಸೈನ್‌ಇನ್‌ಆ್ಯಕ್ಟಿವಿಟಿ.ಲಾಸ್ಟ್‌ಸಕ್ಸೆಸ್‌ಫುಲ್‌ಸೈನ್‌ಇನ್‌ಡೇಟ್‌ಟೈಮ್ -ಎಲ್‌ಟಿ (ಗೆಟ್-ಡೇಟ್).ಆಡ್‌ಡೇಸ್(-180) }

ದಿನಾಂಕ ಖಾಲಿ ಇರುವವರೂ ಇದರಲ್ಲಿ ಬರುತ್ತಾರೆ. ಒಮ್ಮೆಯೂ ಲಾಗಿನ್ ಆಗದವರು ಸಿಗಲಿ ಎಂದು ನಾನು ಹಾಗೇ ಬಿಡುತ್ತೇನೆ. ಆದರೆ ಮೊನ್ನೆ ತಾನೇ ಸೇರಿದ ಹುಡುಗಿಯೂ ಅಲ್ಲಿರುತ್ತಾಳೆ. ಅದಕ್ಕೇ ಅಕೌಂಟ್ ಹುಟ್ಟಿದ ದಿನದ ಕಾಲಮ್ ಮೊದಲೇ ಹಾಕಿದ್ದು.

180 ಯಾಕೆ? ಹೆಚ್ಚಿನವರು 90 ದಿನ ಇಡುತ್ತಾರೆ. ಬೆಂಗಳೂರಿನ ಕಂಪನಿಗೆ ಅದು ಸರಿ ಇರಬಹುದು. ನಮ್ಮಲ್ಲಿ ಕೆಲಸವೇ ಹಂಗಾಮಿನದ್ದು. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಸಂಘಗಳು ತೂಕಕ್ಕೆ, ಟೆಂಡರ್ ಬರೆಯಲಿಕ್ಕೆ ಅಂತ ಜನ ತೆಗೆದುಕೊಳ್ಳುತ್ತವೆ. ಚಾಲಿ, ರಾಶಿಯ ಭರಾಟೆ ಮುಗಿದು ಮಳೆ ಹಿಡಿದ ಮೇಲೆ ಅವರಿಗೆ ಲಾಗಿನ್ ಆಗುವ ಕೆಲಸವೇ ಇಲ್ಲ. ಕಾರವಾರದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನದ ಹಿಂದೆ ಮುಂದೆ ಒಂದಿಷ್ಟು ದಿನ ಸೇರಿದರೆ 90 ಆಗಿಹೋಯಿತು. ಆಗಸ್ಟಿನಲ್ಲಿ ಬೋಟ್ ಇಳಿಯುವ ಹೊತ್ತಿಗೆ ಮೀನು ಸಂಘದ ಗುಮಾಸ್ತರಿಗೆ ಲಾಗಿನ್ ಆಗದಿದ್ದರೆ ನಿಮ್ಮ ಫೋನ್ ಬಿಡುವು ಕಾಣುವುದಿಲ್ಲ. ನಿಮ್ಮ ಸಂಸ್ಥೆಯ ಹಂಗಾಮು ನೋಡಿ ದಿನ ಇಡಿ.

ಹಂತ 7: ಫೈಲ್ ಉಳಿಸುವುದು

ಸೈನ್‌ಇನ್‌ಆ್ಯಕ್ಟಿವಿಟಿಯನ್ನು ನೇರ ಸಿಎಸ್‌ವಿಗೆ ಹಾಕಿದರೆ ಎಲ್ಲ ಸಾಲಿನಲ್ಲೂ ದಿನಾಂಕದ ಬದಲು ಮೈಕ್ರೋಸಾಫ್ಟ್ ಎಂದು ಶುರುವಾಗುವ ಒಂದೇ ಉದ್ದನೆಯ ಹೆಸರು ಬರುತ್ತದೆ. ಅದು ದಿನಾಂಕಗಳಿರುವ ಡಬ್ಬಿಯ ಹೆಸರು. ಒಳಗಿನ ದಿನಾಂಕವನ್ನು ಹೊರಗೆ ತೆಗೆದು ಬೇರೆ ಕಾಲಮ್ ಮಾಡಬೇಕು:

$ಜನ | ಸೆಲೆಕ್ಟ್-ಆಬ್ಜೆಕ್ಟ್ ($ಪದ + @{ಎನ್='ಕೊನೆಯ ಲಾಗಿನ್'; ಇ={$_.ಸೈನ್‌ಇನ್‌ಆ್ಯಕ್ಟಿವಿಟಿ.ಲಾಸ್ಟ್‌ಸಕ್ಸೆಸ್‌ಫುಲ್‌ಸೈನ್‌ಇನ್‌ಡೇಟ್‌ಟೈಮ್}}) | ಎಕ್ಸ್‌ಪೋರ್ಟ್-ಸಿಎಸ್‌ವಿ ಯೂಸರ್ಸ್.ಸಿಎಸ್‌ವಿ -ಎನ್‌ಕೋಡಿಂಗ್ ಯುಟಿಎಫ್8ಬಿಒಎಂ

"ಕೊನೆಯ ಲಾಗಿನ್" ಎಂಬ ತಲೆಬರಹವನ್ನು ನಿಜವಾಗಿಯೂ ಕನ್ನಡದಲ್ಲೇ ಕೊಡಬಹುದು. ಆದರೆ ಕೊನೆಯ ಎನ್‌ಕೋಡಿಂಗ್ ಮರೆತರೆ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತದೆ. ಫೈಲ್ ಹಾಳಾಗಿರುವುದಿಲ್ಲ. ಎಕ್ಸೆಲ್‌ಗೆ ಇದು ಯುಟಿಎಫ್ 8 (ಎಲ್ಲ ಭಾಷೆಯ ಅಕ್ಷರ ಬರೆದಿಡುವ ಒಂದು ಕ್ರಮ) ಎಂದು ತಿಳಿಸುವ ಸಣ್ಣ ಗುರುತು ಫೈಲಿನ ಮೊದಲಲ್ಲಿ ಇಲ್ಲ, ಅಷ್ಟೆ. ಹಳೆಯ ಪವರ್‌ಶೆಲ್ 5.1ರಲ್ಲಿ ಬರೀ ಯುಟಿಎಫ್8 ಎಂದರೆ ಆ ಗುರುತು ತಾನೇ ಬರುತ್ತದೆ. ಅಲ್ಲಿ ಮಾತ್ರ -ನೋಟೈಪ್‌ಇನ್ಫರ್ಮೇಶನ್ ಎಂದೂ ಸೇರಿಸಿ, ಇಲ್ಲದಿದ್ದರೆ ಮೊದಲ ಸಾಲಿನಲ್ಲಿ ಬೇಡದ ಒಂದು ಬರಹ ಸೇರುತ್ತದೆ.

ಈ ಫೈಲನ್ನು ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಯಾರ ಅಕೌಂಟ್ ಆರು ತಿಂಗಳಿಂದ ಯಾರೂ ನೋಡದೆ ಬಿದ್ದಿದೆ ಎಂದು ಸಾಲಾಗಿ ಬರೆದಿಟ್ಟ ಕಾಗದ ಇದು. ಕಳ್ಳನಿಗೆ ಇದಕ್ಕಿಂತ ಬೇರೇನು ಬೇಕು? ಹಾಗೆ ನೋಡಿದರೆ ಹೆಸರು, ಇಮೇಲ್ ಇರುವ ಮಾಮೂಲಿ ಪಟ್ಟಿ ತೆಗೆಯಲು ಅಡ್ಮಿನ್ನೇ ಆಗಬೇಕೆಂದಿಲ್ಲ. ಗೆಸ್ಟ್ ಅಲ್ಲದ ಯಾವ ಯೂಸರ್ ಆದರೂ ಡೈರೆಕ್ಟರಿಯ ಉಳಿದವರನ್ನು ಓದಬಹುದು ಎಂಬುದೇ ಎಂಟ್ರಾದ ಮೂಲ ಸೆಟ್ಟಿಂಗ್. ಅಡ್ಮಿನ್ ಸೆಂಟರ್‌ಗೆ ಸಾಮಾನ್ಯ ಯೂಸರ್ ಬಾರದಂತೆ ಮಾಡುವ ಸ್ವಿಚ್ ಇದೆ, ಆದರೆ ಅದು ವೆಬ್ ಪುಟಕ್ಕೆ ಮಾತ್ರ, ಪವರ್‌ಶೆಲ್ ದಾರಿಗೆ ಅಲ್ಲ. ಒಬ್ಬ ಗುಮಾಸ್ತರ ಪಾಸ್‌ವರ್ಡ್ ಹೋದರೆ ಎಲ್ಲರ ಹೆಸರು, ಇಮೇಲ್ ಹೋದ ಹಾಗೆ.

ಹಂತ 8: ಪಟ್ಟಿ ಹಿಡಿದು ಏನು ಮಾಡುವುದು

ಅಳಿಸಬೇಡಿ, ಮೊದಲು ಲಾಗಿನ್ ಬಂದ್ ಮಾಡಿ. ಅಡ್ಮಿನ್ ಸೆಂಟರಿನಲ್ಲಿ ಒಬ್ಬೊಬ್ಬರದ್ದಾಗಿ ಮಾಡುವುದೇ ಒಳ್ಳೆಯದು, ಕೈ ನಿಧಾನವಾಗುತ್ತದೆ. ಜೊತೆಗೆ ರಿವೋಕ್ ಸೆಷನ್ಸ್ ಒತ್ತಿ, ಇಲ್ಲದಿದ್ದರೆ ಅವರ ಮೊಬೈಲಿನಲ್ಲಿ ತೆರೆದಿರುವ ಮೇಲ್ ಇನ್ನೂ ಸ್ವಲ್ಪ ಹೊತ್ತು ನಡೆಯಬಹುದು. ಯಾರೂ ಕೇಳಿಕೊಂಡು ಬರದಿದ್ದರೆ ಆಮೇಲೆ ಅಳಿಸಿ. ಅಳಿಸಿದ್ದು 30 ದಿನ ಡಿಲೀಟೆಡ್ ಯೂಸರ್ಸ್ ಒಳಗೆ ಇರುತ್ತದೆ, ಅಷ್ಟರೊಳಗೆ ವಾಪಸ್ ತರಬಹುದು.

ಒಂದು ಅಕೌಂಟನ್ನು ಮಾತ್ರ ಮುಟ್ಟಬೇಡಿ. ಅಡ್ಮಿನ್ ಲಾಗಿನ್ ಎಲ್ಲ ಕೈಕೊಟ್ಟಾಗ ಬಳಸಲೆಂದು ಕೆಲವು ಕಡೆ ತುರ್ತು ಅಕೌಂಟ್ ಮಾಡಿ, ಪಾಸ್‌ವರ್ಡ್ ಬರೆದು ಲಾಕರ್‌ನಲ್ಲಿ ಇಟ್ಟಿರುತ್ತಾರೆ. ಅದು ವರ್ಷಗಟ್ಟಲೆ ಲಾಗಿನ್ ಆಗಿರುವುದಿಲ್ಲ. ಹಾಗಾಗಿ ನಿಮ್ಮ 180 ದಿನದ ಪಟ್ಟಿಯಲ್ಲಿ ಅದೂ ಬಂದೇ ಬರುತ್ತದೆ. ಆ ಸಂಘದಲ್ಲಿ ಮ್ಯಾನೇಜರ್ ಪಟ್ಟಿಯ ಮೇಲೆ ಕೆಂಪು ಪೆನ್ ಆಡಿಸುತ್ತ ಹೋಗಿ ಮೊದಲ ಸಾಲನ್ನೇ ಹೊಡೆದು ಹಾಕಿದ್ದರು. ಆ ಒಂದು ಸಾಲಿನ ಮುಂದೆ "ಬೇಡ, ಲಾಕರ್" ಎಂದು ನಾನು ಪೆನ್ಸಿಲಿನಲ್ಲಿ ಬರೆದ ಕಾಗದ ಈಗಲೂ ಅವರ ಫೈಲಿನಲ್ಲಿದೆ.